ಹುಣಸೆಬೀಜ ಎಸೆಯಬೇಡಿ, ಮಕ್ಕಳ ಜೊತೆ ಕಡತ ಮಾಡಿ

ಬೇಸಿಗೆ ಬಂತೆಂದರೆ ವರ್ಷಕ್ಕಾಗುವಷ್ಟು ಹುಣಸೆಹಣ್ಣು ಕುಟ್ಟಿ, ಬೀಜ ತೆಗೆದು, ಉಪ್ಪು ಬೆರೆಸಿ ಜಾಡಿಗೆ ತುಂಬುತ್ತೇವೆ. ಬೀಜವೆಲ್ಲ ತಿಪ್ಪೆಗೆ ಹೋಗುತ್ತದೆ. ಈ ಸಲ ಒಂದೆರಡು ಬಟ್ಟಲು ಬೀಜ ಎತ್ತಿಡಿ. ರಜೆಗೆ ಬಂದ ಮಕ್ಕಳು "ಅಜ್ಜೀ, ಬೋರ್ ಆಗ್ತಿದೆ" ಅಂತ ಸೆರಗು ಹಿಡಿದಾಗ ಅದು ಕೆಲಸಕ್ಕೆ ಬರುತ್ತದೆ.

ಆಫೀಸಿನ ಫೈಲಿಗೆ ಕಡತ ಅನ್ನುತ್ತೇವಲ್ಲ, ಹಿಂದೆ ಕಡತ ಅಂದರೆ ಬಟ್ಟೆಯ ಪುಸ್ತಕ. ಹತ್ತಿಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಶಾನುಭೋಗರ ಲೆಕ್ಕ, ವ್ಯಾಪಾರಿಗಳ ಲೆಕ್ಕ ಅದರಲ್ಲೇ ಇರುತ್ತಿತ್ತು. ಶೃಂಗೇರಿ ಮಠದಲ್ಲಿ ಹಳೆಯ ಕಡತಗಳು ಇಂದಿಗೂ ಇವೆ. ಮೈಸೂರಿನಲ್ಲಿ ರೆಸಿಡೆಂಟ್, ಅಂದರೆ ಬ್ರಿಟಿಷರ ಪ್ರತಿನಿಧಿ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಅಚ್ಚಾದ ತಮ್ಮ ಮೈಸೂರು ಚರಿತ್ರೆಯ ಪುಸ್ತಕದಲ್ಲಿ ಕಡತದ ಅಳತೆಯನ್ನೂ ಬರೆದಿದ್ದಾರೆ: ಅಗಲ 8 ಇಂಚಿನಿಂದ ಒಂದು ಅಡಿ, ಉದ್ದ 12ರಿಂದ 18 ಅಡಿ! ಮಕ್ಕಳಿಗೆ ಅಷ್ಟುದ್ದ ಬೇಡ, 4 ಅಡಿ ಸಾಕು.

ಬೀಜವನ್ನು ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ. ಚಟಪಟ ಅಂದು ಸಿಪ್ಪೆ ಬಿರಿದರೆ ಸಾಕು, ಕರಕಾಗಬಾರದು. ಒರಳಲ್ಲಿ ಕುಟ್ಟಿ ಮೊರದಲ್ಲಿ ಕೇರಿದರೆ ಕಂದು ಸಿಪ್ಪೆ ಹಾರಿ ಬಿಳಿ ಬೇಳೆ ಉಳಿಯುತ್ತದೆ. ಅದನ್ನು ರಾತ್ರಿಯಿಡೀ ನೆನೆಸಿ ನುಣ್ಣಗೆ ರುಬ್ಬಿ. ಒಂದು ಬಟ್ಟಲು ಬೇಳೆಗೆ ಆರೇಳು ಬಟ್ಟಲು ನೀರು ಹಾಕಿ, ಕೈ ಬಿಡದೆ ತಿರುವುತ್ತ ರಾಗಿ ಗಂಜಿಯ ಹದಕ್ಕೆ ಕಾಯಿಸಿ, ಬಟ್ಟೆಯಲ್ಲಿ ಸೋಸಿ. ನಾನು ಬೇವಿನಸೊಪ್ಪು ಕುದಿಸಿದ ನೀರಿನಲ್ಲೇ ಕಾಯಿಸುತ್ತೇನೆ, ಹುಳ ಹತ್ತಿರ ಬರುವುದಿಲ್ಲ. ಈ ಗಂಜಿ ಮರುದಿನಕ್ಕೆ ಹುಳಿ ವಾಸನೆ ಬರುತ್ತದೆ. ಅದಕ್ಕೆ ಅವತ್ತಿಗೆ ಬೇಕಾದಷ್ಟೇ ಮಾಡಿಕೊಳ್ಳಿ.

ಕಪ್ಪಿಗೆ ತೆಂಗಿನಚಿಪ್ಪಿನ ಇದ್ದಿಲು. ಕುಟ್ಟಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಮೊದಲ ಸಲ ನಾನು ಸೋಮಾರಿತನಕ್ಕೆ ಹಿಟ್ಟಿನ ಜರಡಿಯಲ್ಲೇ ಹಿಡಿದೆ. ಕಡತವೆಲ್ಲ ತರಿತರಿಯಾಗಿ ಬಳಪ ಓಡಲೇ ಇಲ್ಲ. ಎರಡು ದಿನದ ಕೆಲಸ ಹಾಳಾಯಿತು. ಮುಟ್ಟಿದರೆ ಕಾಡಿಗೆಯಷ್ಟು ನುಣುಪಾಗಿರಬೇಕು.

ಬಟ್ಟೆಗೆ ಅಪ್ಪಂದಿರ ಹಳೇ ಪಂಚೆಗಿಂತ ಒಳ್ಳೆಯದಿಲ್ಲ. ಒಗೆದು, ಹಲಗೆಯ ಮೇಲೆ ಎಳೆದು ಮೊಳೆ ಹೊಡೆಯಿರಿ. ಮೊದಲು ಬರೀ ಗಂಜಿ ಒಂದು ಕೈ ಬಳಿದು ಒಣಗಲು ಬಿಡಿ. ಆಮೇಲೆ ಇದ್ದಿಲು ಕಲಸಿದ, ದೋಸೆಹಿಟ್ಟಿನಷ್ಟು ಗಟ್ಟಿ ಗಂಜಿ, ಎರಡೂ ಬದಿಗೆ ಎರಡೆರಡು ಸಲ. ಒಂದು ಕೈ ಪೂರ್ತಿ ಒಣಗದೆ ಇನ್ನೊಂದು ಬಳಿಯಬೇಡಿ. ಕೊನೆಗೆ ನುಣುಪಾದ ಕಲ್ಲಿನಿಂದಲೋ ಸ್ಟೀಲ್ ಲೋಟದ ತಳದಿಂದಲೋ ಚೆನ್ನಾಗಿ ಉಜ್ಜಿ. ಸೀರೆಗೆ ನೆರಿಗೆ ಹಿಡಿದ ಹಾಗೆ ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ಮಡಚಿ, ಎರಡು ತುದಿಗೆ ರಟ್ಟು ಅಂಟಿಸಿದರೆ ಪುಸ್ತಕ ಸಿದ್ಧ.

ಕೆಲಸ ನಡೆಯುವಾಗಲೇ ಮಕ್ಕಳನ್ನು ಕೇಳಿ, ಯಾವುದು ಯಾವ ಗಿಡದ್ದು? ಬಟ್ಟೆ ಹತ್ತಿಯದು, ಅಂಟು ಹುಣಸೆಯದು, ಕಪ್ಪು ತೆಂಗಿನದು. ಬಳಪ ಮಾತ್ರ ಕಲ್ಲು. ನನ್ನ ಮೊಮ್ಮಗಳು "ಹಾಗಾದ್ರೆ ಪೆನ್ನೂ ಗಿಡದ್ದೇ ಬೇಕು" ಅಂತ ಹಟ ಹಿಡಿದಳು. ಅದೂ ಇದೆ. ಬೆರಳಿಗಿಂತ ಸಣ್ಣ ಬಿದಿರಿನ ಕಡ್ಡಿ ಅಥವಾ ಲಾಳದ ಕಡ್ಡಿ (ಜೊಂಡಿನಂಥ ಟೊಳ್ಳು ಕಡ್ಡಿ) ತನ್ನಿ. ತುದಿಯನ್ನು ಓರೆಯಾಗಿ ಕೊಯ್ದು, ಮೂತಿಯ ನಡುವೆ ಸಣ್ಣ ಸೀಳು ಬಿಡಿ. ಆ ಸೀಳಿನಲ್ಲೇ ಮಸಿ ಇಳಿಯುವುದು. ಚಾಕು ಹಿಡಿಯುವ ಕೆಲಸ ದೊಡ್ಡವರದು. ಮಸಿಗೆ ಗ್ರಂಧಿಗೆ ಅಂಗಡಿಯ ಅಳಲೆಕಾಯಿ ಪುಡಿಯನ್ನು ತುಕ್ಕು ಹಿಡಿದ ಮೊಳೆಗಳ ಜೊತೆ ಕುದಿಸಿ ಒಂದು ರಾತ್ರಿ ಬಿಡಿ. ಕಾಯಿಯ ಒಗರಿಗೆ ಕಬ್ಬಿಣ ಸೇರಿ ನೀರು ಕಪ್ಪಾಗುತ್ತದೆ. ಕಪ್ಪು ಕಡತದ ಮೇಲೆ ಈ ಮಸಿ ಕಾಣುವುದಿಲ್ಲ, ಕಾಗದದ ಮೇಲೆ ಬರೆಯಲಿ. ಇದು ಬಟ್ಟೆಗೆ ಬಿದ್ದರೆ ಹೋಗುವುದಿಲ್ಲ, ಹಳೇ ಅಂಗಿ ಹಾಕಿಸಿ. ಮೊಳೆಯ ನೀರು, ಬಾಯಿಗೂ ಹೋಗದ ಹಾಗೆ ನೋಡಿಕೊಳ್ಳಿ.

ತಾಟಿನಿಂಗಿನ ಮರದ ಒಣಗರಿ ಸಿಕ್ಕರೆ ಅದರ ಮೇಲೆ ಮೊಂಡು ಸೂಜಿಯಲ್ಲಿ ಗೀರಲು ಹೇಳಿ. ನಾರಿನ ಉದ್ದಕ್ಕೆ ನೇರ ಗೆರೆ ಎಳೆದರೆ ಗರಿ ಸೀಳುತ್ತದೆ, ದುಂಡಗೆ ತಿರುಗಿಸಿದರೆ ತಡೆಯುತ್ತದೆ. ನಮ್ಮ ಅಕ್ಷರ ದುಂಡಗಿರುವುದಕ್ಕೆ ಇದೂ ಒಂದು ಕಾರಣ ಎನ್ನುತ್ತಾರೆ. ಗೀರಿದ ಮೇಲೆ ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ಬಳಿದು ಒರೆಸಿ. ಕಾಣದೇ ಇದ್ದ ಅಕ್ಷರ ಒಂದೊಂದೇ ಎದ್ದು ಬರುವುದನ್ನು ಮಕ್ಕಳ ಪಕ್ಕ ಕೂತು ನೋಡಬೇಕು.

ಅಟ್ಟದಲ್ಲಿ ನಿಜವಾದ ಓಲೆಗರಿ ಕಟ್ಟು ಇದ್ದವರಿಗೆ ಒಂದು ಮಾತು. ದಯವಿಟ್ಟು ಹೊಳೆಗೆ ಬಿಡಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಬಿಸಿಲಿಗೆ ಹಾಕಬೇಡಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಡಿ. ದಾರ ಬಿಚ್ಚಿ ಗರಿ ಚೆಲ್ಲಾಪಿಲ್ಲಿ ಮಾಡಿದರೆ ಕ್ರಮ ತಪ್ಪುತ್ತದೆ. ಮೆತ್ತನೆ ಬ್ರಷ್‌ನಲ್ಲಿ ಧೂಳು ತೆಗೆದು, ಹತ್ತಿಬಟ್ಟೆಯಲ್ಲಿ ಸುತ್ತಿ, ಪಕ್ಕದಲ್ಲಿ ಬಜೆ ಬೇರಿನ ತುಂಡು ಇಡಿ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ತೋರಿಸಬಹುದು. ಅದು ಓರಿಯಂಟಲ್ ಲೈಬ್ರರಿಯಾಗಿದ್ದ ಕಾಲದಲ್ಲಿ ಹೀಗೇ ಕೈಗೆ ಬಂದ ಗರಿಗಳಲ್ಲಿ ಆರ್. ಶಾಮಾಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ನಿಮ್ಮ ಕಟ್ಟಿನಲ್ಲಿ ಏನಿದೆಯೋ, ಓದಿಸಿದರೆ ತಾನೇ ತಿಳಿಯುವುದು?

ನಮ್ಮ ಕಡತ ಈಗ ಅಡುಗೆಮನೆ ಗೂಡಿನಲ್ಲಿದೆ. ಹಾಲಿನ ಲೆಕ್ಕ ಅದರಲ್ಲೇ. ನೀರು ತಾಗಿದರೆ ಅಂಟು ಬಿಡುತ್ತದೆ, ಹಾಗಾಗಿ ತಿಂಗಳ ಕೊನೆಗೆ ಒಣ ಬಟ್ಟೆಯಲ್ಲಿ ಒರೆಸಬೇಕು. ಆ ಕೆಲಸವನ್ನು ಮೊಮ್ಮಗಳು ಯಾರಿಗೂ ಬಿಟ್ಟುಕೊಡುವುದಿಲ್ಲ.