ಬಾಬ್‌ಕ್ಯಾಟ್ ಎಷ್ಟು ಎತ್ತುತ್ತದೆ? ವೇಬ್ರಿಡ್ಜ್‌ನಲ್ಲಿ ತೂಗಿ ಕಂಡದ್ದು

ಬೈಕಂಪಾಡಿ ಕಡೆಯ ಗೋದಾಮುಗಳಲ್ಲಿ, ಮಂಗಳೂರಿನ ಕಟ್ಟಡದ ಸೈಟುಗಳಲ್ಲಿ ನನ್ನ ಸ್ಕಿಡ್ ಸ್ಟಿಯರ್ ಲೋಡರ್ ದುಡಿಯುತ್ತದೆ. ಮುಂದೆ ಬಕೆಟ್ ಇರುವ, ನಿಂತಲ್ಲೇ ತಿರುಗುವ ಪುಟ್ಟ ಯಂತ್ರ ಅದು. ಕಂಪನಿ ಯಾವುದೇ ಇರಲಿ, ನಮ್ಮಲ್ಲಿ ಎಲ್ಲರಿಗೂ ಅದು ಬಾಬ್‌ಕ್ಯಾಟ್. ಕೆಲಸಕ್ಕೆ ಕರೆಯುವವರು ಮೊದಲು ಕೇಳುವುದು, "ಎಷ್ಟು ಎತ್ತುತ್ತದೆ ಮಾರಾಯ್ರೆ?" ನಾನು ತಿರುಗಿ ಕೇಳುತ್ತೇನೆ: "ಏನನ್ನು? ಎಂಥ ನೆಲದಲ್ಲಿ?"

ನನ್ನ ಯಂತ್ರದ ಮ್ಯಾನುಯಲ್‌ನಲ್ಲಿ ಎರಡು ಅಂಕಿಗಳಿವೆ. ಟಿಪ್ಪಿಂಗ್ ಲೋಡ್ 1,400 ಕೆ.ಜಿ., ರೇಟೆಡ್ ಆಪರೇಟಿಂಗ್ ಕೆಪ್ಯಾಸಿಟಿ, ಅಂದರೆ ಕೆಲಸದಲ್ಲಿ ಎತ್ತಬಹುದಾದ ಮಿತಿ, 700 ಕೆ.ಜಿ. ದೊಡ್ಡ ಅಂಕಿ ಹಿಡಿದುಕೊಂಡು ಕೆಲಸ ಒಪ್ಪಿಕೊಳ್ಳುವವರನ್ನು ಕಂಡರೆ ನನಗೆ ಭಯವಾಗುತ್ತದೆ. 1,400 ಅಂದರೆ ಯಂತ್ರ ಮುಂದಕ್ಕೆ ಮಗುಚಲು ಶುರುವಾಗುವ ತೂಕ. ಅದನ್ನೂ ಅಳೆಯುವುದು ಗಟ್ಟಿಯಾದ ಸಮತಟ್ಟು ನೆಲದಲ್ಲಿ, ಯಂತ್ರ ನಿಂತಲ್ಲೇ ನಿಂತಿರುವಾಗ. ಕೆಲಸದಲ್ಲಿ ಯಂತ್ರ ನಿಂತಿರುವುದಿಲ್ಲ. ಗುಂಡಿಗೆ ಇಳಿಯುತ್ತದೆ, ಬ್ರೇಕ್ ಬೀಳುತ್ತದೆ, ನಿಂತಲ್ಲೇ ತಿರುಗುತ್ತದೆ. ಹಾಗಾಗಿ ಚಕ್ರದ ಸ್ಕಿಡ್ ಸ್ಟಿಯರ್‌ಗೆ ಟಿಪ್ಪಿಂಗ್ ಲೋಡ್‌ನ ಅರ್ಧವನ್ನು ಮಾತ್ರ ಕೆಲಸದ ಮಿತಿಯಾಗಿ ಕೊಡುತ್ತಾರೆ. ಟ್ರ್ಯಾಕ್ ಇರುವ ಯಂತ್ರಗಳಿಗೆ ಸಾಮಾನ್ಯವಾಗಿ 35%.

ಯಂತ್ರ ನಿಂತಿರುವುದು ಏತದ ಲೆಕ್ಕದಲ್ಲಿ. ಮುಂದಿನ ಚಕ್ರವೇ ಕಂಬ. ಒಂದು ಕಡೆ ಬಕೆಟ್, ಇನ್ನೊಂದು ಕಡೆ ಹಿಂದೆ ಕೂತ ಎಂಜಿನ್‌ನ ಭಾರ. ಮುಂದಿನ, ಹಿಂದಿನ ಚಕ್ರಗಳ ನಡುವೆ ಇರುವುದು ಸುಮಾರು ಒಂದು ಮೀಟರ್ ಅಷ್ಟೇ. 1957ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಕೆಲ್ಲರ್ ಸಹೋದರರು ಇದರ ಮೊದಲ ರೂಪವನ್ನು ಕಟ್ಟಿದ್ದು ಟರ್ಕಿ ಕೋಳಿಗಳ ಇಕ್ಕಟ್ಟಾದ ಕೊಟ್ಟಿಗೆಯಿಂದ ಗೊಬ್ಬರ ಬಳಿಯಲು. ಇಕ್ಕಟ್ಟಿನಲ್ಲಿ ತಿರುಗುವ ಅದೇ ಗಿಡ್ಡ ಮೈಯೇ ಭಾರ ಹೆಚ್ಚಾದರೆ ಬೇಗ ಮುಗ್ಗರಿಸುವುದಕ್ಕೂ ಕಾರಣ.

ಇನ್ನು ಬಕೆಟ್‌ನ ಮಾತು. "ತುಂಬಾ ಒಂದು ಬಕೆಟ್" ಎನ್ನುವುದು ತೂಕವೇ ಅಲ್ಲ. ನನ್ನ ಬಕೆಟ್ ರಾಶಿ ತುಂಬಿದರೆ ಸುಮಾರು 0.4 ಘನ ಮೀಟರ್. ಹೊಸ ಮಾಲು ಬಂದಾಗ ನಾನು ಮಾಡುವುದು ಇಷ್ಟು: ಖಾಲಿ ಬಕೆಟ್‌ನೊಂದಿಗೆ ಯಂತ್ರವನ್ನು ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಗಿಸುತ್ತೇನೆ. ಆಮೇಲೆ ಬಕೆಟ್ಟನ್ನು ಅರ್ಧಕ್ಕೆ ತುಂಬಿ, ಕೆಳಗಿಟ್ಟುಕೊಂಡೇ ಮತ್ತೆ ತೂಗಿಸುತ್ತೇನೆ. ವ್ಯತ್ಯಾಸವನ್ನು ಎರಡರಿಂದ ಗುಣಿಸಿದರೆ ತುಂಬಿದ ಬಕೆಟ್‌ನ ಅಂದಾಜು ಸಿಗುತ್ತದೆ. ಅರ್ಧದಿಂದ ಶುರುಮಾಡುವುದು ಬೇಕೆಂದೇ, ಮಿತಿ ಎಲ್ಲಿದೆ ಎಂದು ಹುಡುಕಲು ಮಿತಿ ದಾಟಬಾರದು. ತುಂಬಿದ ಬಕೆಟ್ ಯೂರಿಯಾ ಸುಮಾರು 300 ಕೆ.ಜಿ., ಕಲ್ಲಿದ್ದಲು 340ರ ಆಸುಪಾಸು, ಜಲ್ಲಿ 600, ಒಣ ಮರಳು 640. ಅದೇ ಮರಳು ಮಳೆಯಲ್ಲಿ ನೆನೆದರೆ 760 ದಾಟುತ್ತದೆ. ಕಬ್ಬಿಣದ ಅದಿರಿನ ಉಂಡೆಗಳಾದರೆ 840. ನೋಡಲು ಎಲ್ಲ ಬಕೆಟ್ಟೂ ಒಂದೇ. ಕರಾವಳಿಯ ಮಳೆಗಾಲದಲ್ಲಿ ಬೆಳಿಗ್ಗೆ ಸರಿಯಿದ್ದ ಬಕೆಟ್ ಮಧ್ಯಾಹ್ನಕ್ಕೆ ಮಿತಿ ಮೀರುತ್ತದೆ. ಹಾಗಾಗಿ ಜೂನ್ ಬಂತೆಂದರೆ ಮರಳಿಗೆ ಮುಕ್ಕಾಲು ಬಕೆಟ್ಟೇ ನನ್ನ ಲೆಕ್ಕ. ಈ ಅಂಕಿಗಳನ್ನು ಕ್ಯಾಬಿನ್ ಒಳಗೆ ಪೇಂಟಿನಲ್ಲಿ ಬರೆಸಿದ್ದೇನೆ. ನನ್ನ ಬದಲು ಇನ್ನೊಬ್ಬ ಆಪರೇಟರ್ ಕೂತರೂ ಅವನ ಕಣ್ಣೆದುರು ಇರಲಿ ಎಂದು.

ಹೈಡ್ರಾಲಿಕ್ ಎತ್ತಿತು ಅಂದ ಮಾತ್ರಕ್ಕೆ ಯಂತ್ರ ತಡೆದುಕೊಂಡಿತು ಎಂದಲ್ಲ. ಬಕೆಟ್ ಮೈಹತ್ತಿರ, ನೆಲಕ್ಕೆ ತಗ್ಗಾಗಿ ಇರುವಾಗ ಎದ್ದ ಭಾರವೇ ಆರ್ಮ್ ಮೇಲೇರಿದಂತೆ ಹೊರಗೆ ಚಾಚುತ್ತದೆ. ನನ್ನದು ರೇಡಿಯಲ್ ಲಿಫ್ಟ್, ಅಂದರೆ ಆರ್ಮ್ ಕಮಾನಿನಂತೆ ಬಾಗಿ ಮೇಲೇರುವ ಬಗೆ. ಆರ್ಮ್ ಅರ್ಧ ಎತ್ತರಕ್ಕೆ ಬಂದಾಗ ಬಕೆಟ್ ಅತ್ಯಂತ ಮುಂದಕ್ಕೆ ಹೋಗಿರುತ್ತದೆ. ಅಪಾಯದ ಜಾಗ ಅದು. ಟಿಪ್ಪರ್‌ಗೆ ಸುರಿಯುವಾಗ ಆ ಎತ್ತರದಲ್ಲಿ ಆರ್ಮ್ ತಡೆದು ನಿಲ್ಲಿಸುವುದಿಲ್ಲ, ತಿರುಗಿಸುವುದೂ ಇಲ್ಲ. ಟಿಪ್ಪರ್‌ಗೆ ನೇರವಾಗಿ ನಿಂತ ಮೇಲೆಯೇ ಎತ್ತುವುದು. ಓಡಾಡುವಾಗ ಬಕೆಟ್ ನೆಲಕ್ಕೆ ಹತ್ತಿರವೇ ಇರಬೇಕು.

ಇಳಿಜಾರಿನ ನಿಯಮ ಮಂಗಳೂರಿನಂಥ ಗುಡ್ಡದ ಊರಿನಲ್ಲಿ ಪ್ರತಿ ಸೈಟಿನಲ್ಲೂ ಬೇಕು: ಭಾರವಿರುವ ಕಡೆ ಏರಿನತ್ತ ಇರಲಿ. ಖಾಲಿ ಯಂತ್ರದ ಭಾರ ಹಿಂದೆ ಇರುತ್ತದೆ, ಹಾಗಾಗಿ ರಿವರ್ಸ್‌ನಲ್ಲಿ ಹತ್ತುತ್ತೇನೆ. ಲೋಡ್ ಇದ್ದರೆ ಮುಂದಕ್ಕೆ ಹತ್ತಿ, ರಿವರ್ಸ್‌ನಲ್ಲೇ ಇಳಿಯುತ್ತೇನೆ. ಅಡ್ಡಕ್ಕೆ ಹೋಗುವ ಮಾತಿಲ್ಲ. ಸೀಟ್ ಬೆಲ್ಟ್, ಸೀಟ್ ಬಾರ್ ಹಾಕದೆ ಯಂತ್ರ ಚಾಲೂ ಆಗಬಾರದು.

ಬಕೆಟ್ ತೆಗೆದು, ಪ್ಯಾಲೆಟ್ (ಸರಕು ಪೇರಿಸುವ ಹಲಗೆ) ಎತ್ತುವ ಫೋರ್ಕ್ ಹಾಕಿದರೆ ಲೆಕ್ಕವೇ ಬದಲು. 700 ಎನ್ನುವುದು ಬಕೆಟ್‌ಗೆ ಹೇಳಿದ್ದು. ಫೋರ್ಕ್ ಮೇಲೆ ಭಾರದ ನಡುಬಿಂದು ಇನ್ನಷ್ಟು ಮುಂದೆ ಹೋಗುವುದರಿಂದ ಮಿತಿ ಇಳಿಯುತ್ತದೆ. ಫೋರ್ಕ್‌ಗೆ ಮ್ಯಾನುಯಲ್‌ನಲ್ಲಿ ಬೇರೆಯೇ ಅಂಕಿ ಇರುತ್ತದೆ, ಅದನ್ನೇ ನೋಡಬೇಕು. 50 ಕೆ.ಜಿ.ಯ 20 ಸಿಮೆಂಟ್ ಚೀಲಗಳ ಪ್ಯಾಲೆಟ್ ಅಂದರೆ ಒಂದು ಟನ್. ನಾನು 10 ಚೀಲಕ್ಕಿಂತ ಹೆಚ್ಚು ಇಡಲು ಬಿಡುವುದಿಲ್ಲ, ಎರಡು ಸಲ ಹೋಗಿ ಬರುತ್ತೇನೆ. ಗಂಟೆ ಬಾಡಿಗೆ ಕೊಡುವವರು ಮುಖ ಸಿಂಡರಿಸುತ್ತಾರೆ, ಆದರೆ ಪ್ಯಾಲೆಟ್ ಪಕ್ಕದಲ್ಲಿ ನಿಂತಿರುವುದು ಅವರದೇ ಹುಡುಗರು.

ಹೆಚ್ಚು ಭಾರ ಎತ್ತಲು ಯಂತ್ರದ ಹಿಂಬದಿಗೆ ಕಬ್ಬಿಣದ ಪ್ಲೇಟ್ ವೆಲ್ಡ್ ಮಾಡಿಸಿ ಎಂದು ಸಲಹೆ ಕೊಡುವವರಿದ್ದಾರೆ. ಕಂಪನಿ ಆ ಮಾಡೆಲ್‌ಗೆಂದೇ ಕೊಡುವ ಕೌಂಟರ್‌ವೇಟ್ ಬೇರೆ, ಅದಕ್ಕೆ ಮ್ಯಾನುಯಲ್‌ನಲ್ಲೇ ಹೊಸ ಮಿತಿ ಬರೆದಿರುತ್ತದೆ. ನಾವೇ ಅಂಟಿಸಿದ ಪ್ಲೇಟ್‌ನಿಂದ ಹಿಂದಿನ ಚಕ್ರ ನೆಲ ಹಿಡಿಯಬಹುದು, ಆದರೆ ಆರ್ಮ್‌ನ ಪಿನ್ನು, ಆಕ್ಸಲ್, ಟೈರ್ ಹಳೆಯವೇ ತಾನೇ? 700ಕ್ಕಿಂತ ಭಾರದ ಕೆಲಸ ಬಂದರೆ ದೊಡ್ಡ ಪೇ ಲೋಡರ್ ಇರುವವರ ನಂಬರ್ ಕೊಡುತ್ತೇನೆ.