ಲಿಫ್ಟ್ ಇಲ್ಲ, ಪಂಪ್ ಇಲ್ಲ: ಡಿಫರೆನ್ಷಿಯಲ್ ಆಯಿಲ್ ನಾನೇ ಬದಲಿಸಿದೆ

ನನ್ನದು ಹಿಂದಿನ ಚಕ್ರಕ್ಕೆ ಡ್ರೈವ್ ಇರುವ ಹಳೇ ಕಾರು. ಎಂಜಿನ್ ಆಯಿಲ್ ತಪ್ಪದೆ ಬದಲಿಸುತ್ತಿದ್ದೆ, ಹಿಂದಿನ ಆಕ್ಸಲ್ ನಡುವೆ ಇರುವ ಗೇರ್ ಡಬ್ಬ, ಅಂದರೆ ಡಿಫರೆನ್ಷಿಯಲ್ ಕಡೆ ಮಾತ್ರ ತಿರುಗಿಯೂ ನೋಡಿರಲಿಲ್ಲ. ಅರವತ್ತರ ಸ್ಪೀಡಲ್ಲಿ ಕಾಲು ಎತ್ತಿದರೆ ಹಿಂದಿನಿಂದ 'ಊಂ' ಅಂತ ಸದ್ದು ಶುರುವಾಯಿತು. ಆಯಿಲ್ ಬದಲಿಸ್ತೀನಿ ಅಂದರೆ ಗೆಳೆಯರದೆಲ್ಲ ಒಂದೇ ಮಾತು: "ತೆಗೆಯೋದೇನೋ ತೆಗೀತೀಯ, ತುಂಬೋದು ಹೇಗೆ?"

ಮೊದಲು ಮೇಲಿನ ಫಿಲ್ಲರ್ ಪ್ಲಗ್ (ಕಾರಿನಡಿ ಆಯಿಲ್ ತುಂಬುವ ತೂತಿನ ಮುಚ್ಚಳ) ಬಿಚ್ಚಬೇಕು, ಆಮೇಲೆ ಆಯಿಲ್ ಇಳಿಸುವ ಕೆಳಗಿನದು. ಇದು ನಿಮಗೆಲ್ಲ ಗೊತ್ತು. ನನಗೂ ಗೊತ್ತಿತ್ತು. ಆದರೆ ಆ ಮೇಲಿನ ಪ್ಲಗ್ಗೇ ಜಪ್ಪಯ್ಯ ಅನ್ನಲಿಲ್ಲ. ಅಗ್ಗದ ಆರು ಮೂಲೆಯ ಅಲೆನ್ ಕೀ ಹಾಕಿ ತಿರುಗಿಸಿದರೆ ಕೀನೇ ತಿರುಚಿಕೊಂಡಿತು. ನೋಡಿದರೆ ಪ್ಲಗ್ ಗುಳಿಯ ತಳದಲ್ಲಿ ಮಣ್ಣು ಗಟ್ಟಿಯಾಗಿ ಕೂತಿತ್ತು, ಕೀ ಅರ್ಧವೂ ಇಳಿದಿರಲಿಲ್ಲ. ಮೊಳೆಯಿಂದ ಕೆರೆದು, ತುಕ್ಕು ಬಿಡಿಸುವ ಎಣ್ಣೆ ಹೊಡೆದು ರಾತ್ರಿ ಬಿಟ್ಟೆ. ಮರುದಿನ ಒಳ್ಳೆ ಬಿಟ್ ಸಾಕೆಟ್ ಕೊಂಡು ತಂದೆ, ಒಂದೇ ಏಟಿಗೆ 'ಟಕ್' ಅಂದಿತು. ಆ ಒಂದು ಸಾಕೆಟ್‌ಗೆ ಆಯಿಲ್‌ಗಿಂತ ಜಾಸ್ತಿ ಹೋಯಿತು. ಆದರೂ ಆ ದುಡ್ಡಿಗೆ ಬೇಜಾರಿಲ್ಲ.

ಬೇಜಾರಾಗಿದ್ದು ಉಳಿದ ದುಡ್ಡಿಗೆ. ಮೊದಲು ದೊಡ್ಡ ಸಿರಿಂಜ್ ತಂದೆ. 80W-90 ಅನ್ನುವ ಮಂದ ಗೇರ್ ಆಯಿಲ್ ತಣ್ಣಗಿದ್ದಾಗ ಜೇನುತುಪ್ಪದ ಹಾಗೆ ಬರುತ್ತದೆ. ಸಿರಿಂಜ್ ಒತ್ತಿದರೆ ಮುಂದೆ ಹೋಗೋದಕ್ಕಿಂತ ಹಿಂದಿನಿಂದ ಸೋರಿದ್ದೇ ಹೆಚ್ಚು. ತೋಳಿನಲ್ಲಿ ಇಳಿದು ಕಂಕುಳಿಗೆ ಬಂತು. ಗೇರ್ ಆಯಿಲ್‌ನ ಗಂಧಕದ ವಾಸನೆ ಗೊತ್ತಲ್ವಾ, ಎರಡು ದಿನ ಮನೆಯವರು ಹತ್ತಿರ ಸೇರಿಸಲಿಲ್ಲ. ಆಮೇಲೆ ಕೈಪಂಪ್ ತಂದೆ. ಅದು ಕಾಲು ಲೀಟರ್ ಹಾಕಿ ಕೈಕೊಟ್ಟಿತು. ಲೆಕ್ಕ ಹಾಕಿದರೆ ಇವೆರಡಕ್ಕೆ ಸುರಿದ ದುಡ್ಡು ಹೆಚ್ಚುಕಮ್ಮಿ ಮೆಕ್ಯಾನಿಕ್ ಕೇಳಿದ ಕೂಲಿಯಷ್ಟೇ ಆಗಿತ್ತು.

ಕೊನೆಗೆ ಗೆದ್ದಿದ್ದು ಬರೀ ಟ್ಯೂಬ್. ಸುಮಾರು ಎರಡು ಮೀಟರ್ ಪಾರದರ್ಶಕ ಟ್ಯೂಬನ್ನು ಫಿಲ್ಲರ್ ತೂತಿನಿಂದ ಹಿಂದಿನ ಚಕ್ರದ ಮೇಲಿನ ಸಂದಿಯಲ್ಲಿ ಹೊರಗೆ ತಂದೆ. ತುದಿಗೆ ಫನಲ್ ಸಿಕ್ಕಿಸಿ ಡಿಕ್ಕಿಯ ಎತ್ತರಕ್ಕೆ ಕಟ್ಟಿದೆ. ಆಯಿಲ್ ಬಾಟಲಿಯನ್ನು ಇಪ್ಪತ್ತು ನಿಮಿಷ ಬಿಸಿನೀರಲ್ಲಿ ಇಟ್ಟಿದ್ದೆ, ಅದೇ ಮುಖ್ಯ. ತಣ್ಣಗಿನ ಆಯಿಲ್ ಟ್ಯೂಬಲ್ಲೇ ನಿಂತುಬಿಡುತ್ತದೆ, ಬೆಚ್ಚಗಿನದು ಸುಮ್ನೆ ಇಳಿಯುತ್ತದೆ. ಒಂದೂಕಾಲು ಲೀಟರ್ ಚಿಲ್ಲರೆ ಆಯಿಲ್ ಅರ್ಧ ಗಂಟೆಯಲ್ಲಿ ಒಳಗೆ ಹೋಯಿತು. ಟ್ಯೂಬ್ ತುದಿ ತೂತಿನಿಂದ ಜಾರಿ ಬರದ ಹಾಗೆ ಮಾಡಲು ನನ್ನದೊಂದು ಉಪಾಯ ಇದೆ. ಅದನ್ನು ಮಾತ್ರ ಹೇಳಲ್ಲ.

ಇಲ್ಲೂ ಎಡವಿದೆ. ಹಿಂಭಾಗ ಮಾತ್ರ ಎತ್ತಿ ಸ್ಟ್ಯಾಂಡ್ ಕೊಟ್ಟಿದ್ದೆ. ನನ್ನ ಕಾರಿನ ಫಿಲ್ಲರ್ ತೂತು ಡಿಫರೆನ್ಷಿಯಲ್‌ನ ಹೊರಕವಚದ (ಹೌಸಿಂಗ್) ಹಿಂಬದಿಗಿದೆ. ಮೂತಿ ತಗ್ಗಿದಾಗ ಆಯಿಲ್ ಮುಂದಕ್ಕೆ ಓಡಿ ತೂತು ಖಾಲಿ ಕಾಣುತ್ತದೆ. ಹಾಗಾಗಿ ಜಾಸ್ತಿ ಸುರಿದಿದ್ದೆ. ಕಾರು ಇಳಿಸಿ ಪ್ಲಗ್ ತೆಗೆದರೆ ಒಂದು ಲೋಟ ಆಯಿಲ್ ನೆಲಕ್ಕೆ! ಹಾಗೇ ಬಿಟ್ಟಿದ್ದರೆ ಸೀಲ್ ದಾಟಿ ಬ್ರೇಕ್ ಶೂ ಮೇಲೆ ಬಂದಿರುತ್ತಿತ್ತೇನೋ. ಒಳಗಿನ ಗಾಳಿ ಹೊರಹೋಗುವ ಬ್ರೀದರ್ ಬೇರೆ ಮಣ್ಣು ಕಚ್ಚಿಕೊಂಡು ಕೂತಿತ್ತು, ಅದನ್ನೂ ತೆಗೆದು ತೊಳೆದೆ. ಈಗ ನಾಲ್ಕೂ ಕಡೆ ಸಮ ಎತ್ತಿ, ತೂತಿನ ಕೆಳ ಅಂಚಿಗೆ ಆಯಿಲ್ ಬಂದು ತೊಟ್ಟಿಕ್ಕೋದು ನಿಲ್ಲುವವರೆಗೂ ಕಾಯ್ತೀನಿ.

ಹಳೇ ಆಯಿಲ್ ಇಳಿಸುವ ಮೊದಲು ಹದಿನೈದು ಕಿಲೋಮೀಟರ್ ಓಡಿಸಿದ್ದೆ. ಕರ್ರಗೆ ಬಂತು, ಆದರೆ ಹಾಲಿನ ಬಣ್ಣ ಇರಲಿಲ್ಲ. ಅಂದರೆ ನೀರು ಸೇರಿಲ್ಲ. ಪ್ಲಗ್‌ನ ಮ್ಯಾಗ್ನೆಟ್ ಮೇಲೆ ಬೂದು ಪೇಸ್ಟ್. ಬೆರಳಲ್ಲಿ ಉಜ್ಜಿದೆ, ನುಣ್ಣಗಿತ್ತು. ಬೆರಳಿಗೆ ಚುಚ್ಚುವ ಚೂರು ಸಿಕ್ಕಿದ್ದರೆ ಕೆಲಸ ಅಲ್ಲೇ ನಿಲ್ಲಿಸುತ್ತಿದ್ದೆ. ತಮಾಷೆಗೆ ಒಂದಿಷ್ಟು ಹಳೇ ಆಯಿಲ್ ಗಾಜಿನ ಬಾಟಲಿಗೆ ಹಾಕಿ ಹೊರಗಿನಿಂದ ಮ್ಯಾಗ್ನೆಟ್ ಅಂಟಿಸಿದೆ. ಬೆಳಿಗ್ಗೆ ಒಳಗೋಡೆಯಲ್ಲಿ ಕಬ್ಬಿಣದ ಪುಡಿಯ ಮೀಸೆ ಬೆಳೆದಿತ್ತು! ಹಳೇ ತಾಮ್ರದ ವಾಷರನ್ನೂ ಎಸೆಯಲಿಲ್ಲ. ಒಲೆ ಮೇಲೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮೆತ್ತಗಾಗುತ್ತದೆ. ಅದನ್ನೇ ಹಾಕಿದೆ, ಇವತ್ತಿಗೂ ಒಂದು ಹನಿ ಸೋರಿಲ್ಲ.

ನಾನು ಹಾಕಿದ್ದು GL-5 ದರ್ಜೆಯ ಗೇರ್ ಆಯಿಲ್. ಲಿಮಿಟೆಡ್ ಸ್ಲಿಪ್ (ಒಂದೇ ಚಕ್ರ ಜಾರಿ ಸುತ್ತದಂತೆ ತಡೆಯುವ ಡಿಫರೆನ್ಷಿಯಲ್) ಇರುವವರು ಅದಕ್ಕೆ ಬೇಕಾದ ಅಡಿಟಿವ್ ಮರೆಯಬೇಡಿ.

ಸದ್ದು ಪೂರ್ತಿ ಹೋಗಿಲ್ಲ, ಸುಳ್ಳು ಯಾಕೆ ಹೇಳಲಿ. ಗೇರಿನ ಹಲ್ಲು ಸವೆದಿದ್ದರೆ ಆಯಿಲ್ ಏನು ಮಾಡೀತು? ಆದರೆ ಮೂರು ಸಾವಿರ ಕಿಲೋಮೀಟರ್ ಆಯಿತು, ಈಗ ಕಿಟಕಿ ಹಾಕಿಕೊಂಡರೆ ಕೇಳಿಸಲ್ಲ. "ತುಂಬೋದು ಹೇಗೆ" ಅಂದವರಲ್ಲಿ ಇಬ್ಬರು ಈಗ ಟ್ಯೂಬ್ ಕೇಳಿಕೊಂಡು ಬಂದಿದ್ದಾರೆ. ಪಂಪ್ ಬೇಕಾದರೆ ಒಯ್ಯಿರಿ, ಟ್ಯೂಬ್ ಕೊಡಲ್ಲ ಅಂದಿದ್ದೀನಿ.