ಉಪ್ಪಿಟ್ಟಿನ ಜೊತೆ ಎಎಸ್‌ಎಲ್ ಕಲಿತೆ

"ಬಿಎಸ್‌ಎಲ್ ಮರೆತರೆ ಮಾತ್ರ ಎಎಸ್‌ಎಲ್ ಬರೋದು" ಅಂತ ಅಮೆರಿಕದ ಫ್ರೀಮಾಂಟ್‌ಗೆ ಬಂದ ಹೊಸದರಲ್ಲಿ ನಾಲ್ಕು ಜನ ಹೇಳಿದ್ದರು. ಬಿಎಸ್‌ಎಲ್ ಅಂದರೆ ನಾನು ಲಂಡನ್‌ನಲ್ಲಿ ಕಲಿತ ಬ್ರಿಟಿಷ್ ಸನ್ನೆ ಭಾಷೆ, ಎಎಸ್‌ಎಲ್ ಅಂದರೆ ಇಲ್ಲಿನ ಅಮೆರಿಕನ್ ಸನ್ನೆ ಭಾಷೆ. ನಾನು ಮರೆಯಲಿಲ್ಲ. ಹೋದ ಶನಿವಾರ ಬೆಳಗ್ಗೆ ಲಂಡನ್ ಗೆಳತಿ ಜೊತೆ ವಿಡಿಯೊ ಕಾಲ್‌ನಲ್ಲಿ ಬಿಎಸ್‌ಎಲ್. ಅದು ಮುಗಿದ ಅರ್ಧ ಗಂಟೆಗೆ ಇಲ್ಲಿನ ಕಿವುಡ ಗೆಳೆಯರ ಜೊತೆ ಕಾಫಿಗೆ ಕೂತು ಎಎಸ್‌ಎಲ್. ಎರಡು ಗಂಟೆ ಕೈ ಎಡವಲಿಲ್ಲ. ಅದಕ್ಕೇ ಈ ಬರಹ.

ಮೊದಲು ದುಡ್ಡು ಕಳೆದ ಕಥೆ. ಸಂಜೆ ಕ್ಲಾಸಿಗೆ 300 ಡಾಲರ್ ಚಿಲ್ಲರೆ, ಒಂದು ಆ್ಯಪ್‌ಗೆ 80ರ ಆಸುಪಾಸು. ಎರಡೂ ದಂಡ. ಅಲ್ಲಿ ಹೊಸ ಸನ್ನೆ ಹೇಳಿಕೊಟ್ಟರು, ನನ್ನನ್ನು ಕಾಡುತ್ತಿದ್ದದ್ದು ಹಳೆಯವು. ಲಂಡನ್‌ನಲ್ಲಿ ನಾನು ಕಲಿತ ಎಂಟರ ಸನ್ನೆ ಅಂದರೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಎತ್ತುವುದು. ಅದೇ ಬೆರಳುಗಳು ಎಎಸ್‌ಎಲ್‌ನಲ್ಲಿ ಮೂರು. ಒಬ್ಬರು ಮೂರಕ್ಕೆ ಬಾ ಅಂದರು. ನಾನು ರಾತ್ರಿ ಎಂಟಕ್ಕೆ ಹೋಗಿ ಮುಚ್ಚಿದ ಕೆಫೆ ಮುಂದೆ ನಿಂತಿದ್ದೆ.

ಆಮೇಲೆ ಕಿವುಡ ಟೀಚರ್ ಒಬ್ಬರನ್ನು ಹಿಡಿದೆ. ಗಂಟೆಗೆ 40 ಡಾಲರ್, ಹದಿನೈದು ಸಲ ಹೋಗಿರಬೇಕು. ನನ್ನ ವಿಧಾನ ಕೇಳಿ ಅವರೂ ನಕ್ಕರು.

ವಿಧಾನ ಇಷ್ಟೇ. ಬೆರಳಲ್ಲಿ ಅಕ್ಷರ ಹೇಳಲು ಬಿಎಸ್‌ಎಲ್‌ಗೆ ಎರಡು ಕೈ ಬೇಕು, ಎಎಸ್‌ಎಲ್‌ಗೆ ಒಂದೇ ಸಾಕು. ಹಾಗಾಗಿ ಎಡಗೈಗೆ ತುಂಬಿದ ಕಾಫಿ ಲೋಟ ಕೊಟ್ಟೆ. ಆ ಕೈ ಅಭ್ಯಾಸಬಲಕ್ಕೆ ಎದ್ದರೆ ಕಾಫಿ ಚೆಲ್ಲುತ್ತದೆ. ಮೊದಲ ವಾರ ಎರಡು ಟಾಪ್ ಹಾಳಾದವು. ಇಂಗ್ಲಿಷ್ ಪದಗಳನ್ನೂ ಬಿಟ್ಟೆ. ಅವನ್ನು ಎರಡು ಅಕ್ಷರ ನೋಡಿಯೇ ಊಹಿಸಿಬಿಡುತ್ತಾರೆ, ನಮ್ಮ ತಪ್ಪು ಮುಚ್ಚಿಹೋಗುತ್ತದೆ. ಅಡುಗೆಮನೆಯ ಕನ್ನಡ ಹಿಡಿದೆ. ಯು-ಪಿ-ಪಿ-ಐ-ಟಿ-ಟಿ-ಯು. ಟೀಚರ್‌ಗೆ ಉಪ್ಪಿಟ್ಟು ಗೊತ್ತಿಲ್ಲ, ಕಂಡದ್ದನ್ನೇ ಬರೆಯುತ್ತಿದ್ದರು. ಮೊದಲ ದಿನ ಇಪ್ಪತ್ತು ಪದಗಳಲ್ಲಿ ಮೂರೋ ನಾಲ್ಕೋ ಸರಿ.

ಎಡವಟ್ಟು ಎಲ್ಲಿ ಅಂದರೆ ಕಿರುಬೆರಳಲ್ಲಿ. ಬಿಎಸ್‌ಎಲ್‌ನಲ್ಲಿ ಎಡಗೈ ಕಿರುಬೆರಳ ತುದಿ ಮುಟ್ಟಿದರೆ 'ಯು'. ಎಎಸ್‌ಎಲ್‌ನಲ್ಲಿ ಕಿರುಬೆರಳು ಎತ್ತಿದರೆ 'ಐ'. ನನ್ನ ಉಪ್ಪಿಟ್ಟು ಒಂದು ತಿಂಗಳು 'ಇಪ್ಪಿಟ್ಟಿ' ಆಗಿತ್ತು. ಒತ್ತಕ್ಷರ ಬಂದಾಗ ಕೈಯನ್ನು ಒಂಚೂರು ಪಕ್ಕಕ್ಕೆ ಜಾರಿಸಬೇಕು, ಅದಕ್ಕೆ ಹುಬ್ಬಳ್ಳಿ, ಕಿತ್ತೂರುಗಳಿಗಿಂತ ಒಳ್ಳೆ ಪದ ಯಾವ ಪುಸ್ತಕದಲ್ಲೂ ಸಿಗಲಿಲ್ಲ. ದಿನಕ್ಕೆ ಇಪ್ಪತ್ತು ನಿಮಿಷ, ನಾಲ್ಕು ತಿಂಗಳು. ಕೊನೆಗೆ ಇಪ್ಪತ್ತಕ್ಕೆ ಹದಿನೆಂಟು. ಟೀಚರ್ ಈಗ ತಮ್ಮ ಬೇರೆ ವಿದ್ಯಾರ್ಥಿಗಳಿಗೂ ಲೋಟ ಕೊಡುತ್ತಾರಂತೆ!

ಬಾಯಿಯದು ಇನ್ನೊಂದು ಕಾಟ. ಬಿಎಸ್‌ಎಲ್‌ನಲ್ಲಿ ಸನ್ನೆ ಜೊತೆ ತುಟಿಯಲ್ಲಿ ಇಂಗ್ಲಿಷ್ ಪದ ಆಡಿಸುವುದು ಜಾಸ್ತಿ. ಇಲ್ಲಿ "ಏನು ಅಗಿಯುತ್ತಿದ್ದೀಯ?" ಅಂತ ಕೇಳಿದರು. ಹಲ್ಲಿನ ನಡುವೆ ಲವಂಗ ಕಚ್ಚಿಕೊಂಡು ಎರಡು ವಾರ ಕಲಿತೆ. ಅದಕ್ಕಿಂತ ಜಾಸ್ತಿ ಬೇಡ, ಎಎಸ್‌ಎಲ್‌ಗೂ ಅದರದೇ ಬಾಯಿ ಚಲನೆಗಳಿವೆ.

ಅಂಕಿಗಳನ್ನು ಹೇಗೆ ಬೇರೆ ಮಾಡಿದೆ ಅಂತ ಮಾತ್ರ ಹೇಳುವುದಿಲ್ಲ. 1815ರಲ್ಲಿ ಕಿವುಡರಿಗೆ ಕಲಿಸುವ ವಿದ್ಯೆ ಹುಡುಕಿಕೊಂಡು ಗ್ಯಾಲೊಡೆಟ್ ಎಂಬವರು ಅಮೆರಿಕದಿಂದ ಬ್ರಿಟನ್‌ಗೆ ಹೋಗಿ ಕೇಳಿದಾಗ, ಅಲ್ಲಿ ಕಿವುಡರ ಶಾಲೆ ನಡೆಸುತ್ತಿದ್ದ ಬ್ರೈಡ್‌ವುಡ್ ಮನೆತನದವರು ತಮ್ಮ ವಿದ್ಯೆ ಬಿಟ್ಟುಕೊಟ್ಟರಾ? ಇಲ್ಲ, ನಾನೂ ಕೊಡುವುದಿಲ್ಲ. ಗ್ಯಾಲೊಡೆಟ್ ಪ್ಯಾರಿಸ್‌ಗೆ ಹೋಗಿ ಅಲ್ಲಿನ ಕಿವುಡ ಶಿಕ್ಷಕ ಕ್ಲೆರ್ಕ್‌ರನ್ನು ಕರೆತಂದರು, 1817ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಶಾಲೆ ತೆರೆದರು. ಫ್ರೆಂಚರ ಒಂಟಿ ಕೈ ಅಕ್ಷರ ಹಾಗೆ ಇಲ್ಲಿಗೆ ಬಂತು. ಆ ಮನೆತನದ ಜಿಪುಣತನಕ್ಕೆ ನಾನು ಸಾವಿರ ಡಾಲರ್ ತೆತ್ತೆ.

ಸುಮ್ನೆ ಮಾಡಿದ ಪ್ರಯೋಗ ಇನ್ನೊಂದಿದೆ. ಮೈಸೂರಿನಲ್ಲಿರುವ ನನ್ನ ಕಿವುಡ ತಂಗಿಗೆ ಬಿಎಸ್‌ಎಲ್ ಅಕ್ಷರಗಳು ಹೊಸದಲ್ಲ. ನಮ್ಮ ಕಡೆಯದೂ ಎರಡು ಕೈಯದೇ, ಸ್ವರಗಳು ಬೆರಳ ತುದಿಯಲ್ಲೇ. ಸನ್ನೆಗಳು ಮಾತ್ರ ಬೇರೆ. ವಿಡಿಯೊ ಕಾಲ್ ಮಾಡಬೇಕಾದರೆ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿಡುತ್ತಿದ್ದಳು. ಅವಳಿಗೆ ಎಎಸ್‌ಎಲ್ ಅಕ್ಷರ ಹೇಳಿಕೊಟ್ಟೆ, ಹತ್ತೇ ದಿನದಲ್ಲಿ ಕಲಿತಳು. ಈಗ ಸಿಟಿ ಬಸ್ಸಲ್ಲಿ ಕೂತು ಒಂದು ಕೈಯಲ್ಲಿ ಫೋನ್ ಹಿಡಿದು ಇನ್ನೊಂದು ಕೈಯಲ್ಲಿ ನನ್ನನ್ನು ಬೈಯುತ್ತಾಳೆ.